ಜಿಂಕೆ ಮಾರ್ಕು ಸೀಗೆಪುಡಿ

ಖಾಲಿಯಾದ ಪೊಟ್ಟಣವನ್ನು ಎಸೆಯುವುದು ನನ್ನ ಕೈಲಾಗದ ಕೆಲಸ. ಸೋಪು ಬಿಚ್ಚಿದರೆ ಅದರ ಕಾಗದವನ್ನು ಅಂಗೈಯಿಂದ ಸವರಿ, ಸುಕ್ಕು ತೆಗೆದು, ಕೈಗೆ ಸಿಕ್ಕಿದ ಪುಸ್ತಕದ ನಡುವೆ ಇಟ್ಟುಬಿಡುತ್ತೇನೆ. ಕಾಫಿಪುಡಿಯ ಚೀಲ, ಊದುಬತ್ತಿಯ ಕೊಳವೆ, ಬೆಂಕಿಪೊಟ್ಟಣ, ಹಪ್ಪಳದ ಕಟ್ಟಿನ ಮೇಲಿನ ಚೀಟಿ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಜಾಗವಿದೆ. ಮನುಷ್ಯರಿಗೇ ಇಲ್ಲ ಎನ್ನುವುದು ನನ್ನ ಹೆಂಡತಿ ಸರೋಜಳ ದೂರು. ಮೊನ್ನೆ ಅವಳು ಪಂಚಾಂಗ ತೆಗೆದರೆ ಒಳಗಿಂದ ಇಲಿಪಾಷಾಣದ ಲೇಬಲ್ಲು ಜಾರಿ ಬಿತ್ತು. "ಏಕಾದಶಿ ಯಾವತ್ತು ಅಂತ ನೋಡೋಕೆ ಹೋದ್ರೆ ಇಲಿ ಬಿದ್ದಿದೆ ಕಣ್ರೀ" ಎಂದು ತಂದು ಮುಂದಿಟ್ಟಳು. ನಾನು ಇಲಿಯನ್ನು ನೋಡಿದೆ. ಬಾಲದ ತಿರುವನ್ನು ಯಾರೋ ಒಂದೇ ಗೆರೆಯಲ್ಲಿ, ಕೈ ನಡುಗಿಸದೆ ಎಳೆದಿದ್ದರು. ಹಾಗೆಂದು ಹೇಳಿದ್ದಕ್ಕೆ ಅವಳು ಇನ್ನಷ್ಟು ಬೈದಳು.

ಈ ಚಟ ಇಂದಿನದಲ್ಲ. ಅಪ್ಪ ಹಾರನಹಳ್ಳಿಯಲ್ಲಿ ಮೇಷ್ಟರಾಗಿದ್ದರು. ನಾನು ಹೈಸ್ಕೂಲಿಗೆ ಅರಸೀಕೆರೆಗೆ ಬರುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಬಸ್ಸು ಹೊರಡುವವರೆಗೆ ಹೊತ್ತು ಕಳೆಯಲು ರೈಲ್ವೆ ಸ್ಟೇಷನ್ನಿಗಿಂತ ಒಳ್ಳೆಯ ಜಾಗ ಊರಿನಲ್ಲಿ ಇರಲಿಲ್ಲ. ಅರಸೀಕೆರೆ ಜಂಕ್ಷನ್ನು. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ, ಬೆಂಗಳೂರು, ಎಲ್ಲ ಕಡೆಯ ರೈಲುಗಳೂ ಅಲ್ಲಿ ನಿಂತು ನೀರು ಕುಡಿದು ಹೋಗುತ್ತಿದ್ದವು. ಪ್ರಯಾಣಿಕರು ಕಿಟಕಿಯಿಂದ ಖಾಲಿ ಬೆಂಕಿಪೊಟ್ಟಣ ಎಸೆಯುತ್ತಿದ್ದರು. ನಾವು ಅದರ ಮೇಲಿನ ಚಿತ್ರವನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಳ್ಳುತ್ತಿದ್ದೆವು. ಮೈಸೂರು ರೈಲಿನ ಎರಡು ಚಿತ್ರಕ್ಕೆ ಹುಬ್ಬಳ್ಳಿ ರೈಲಿನದು ಒಂದು, ಅದು ನಮ್ಮ ಪೇಟೆಯ ದರ. ಹುಬ್ಬಳ್ಳಿಯ ಕಡೆ ಹುಲಿ, ಸಿಂಹ, ಕತ್ತಿ ಹಿಡಿದ ಹೆಂಗಸು ಬರುತ್ತಿದ್ದವು. ಮೈಸೂರಿನ ಕಡೆಯಿಂದ ಬರೀ ದೀಪ ಮತ್ತು ಕಮಲ. ದೀಪ ಕಮಲಗಳನ್ನು ಯಾರು ಕೇಳುತ್ತಾರೆ?

ಅಮ್ಮನಿಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ಆದರೂ ಅಂಗಡಿಯಲ್ಲಿ ಅವಳು ಯಾವ ಸಾಮಾನನ್ನೂ ಅದರ ಹೆಸರು ಹೇಳಿ ಕೇಳಿದ್ದನ್ನು ನಾನು ಕಾಣೆ. "ಗಿಳಿ ಚಿತ್ರದ ಟೀಪುಡಿ ಕೊಡಿ" ಎನ್ನುತ್ತಿದ್ದಳು, ಇಲ್ಲವೆ "ಆ ಕೆಂಪು ಕಾಗದದ್ದು". ಅಂಗಡಿಯವನೂ ಹೆಸರು ಕೇಳುತ್ತಿರಲಿಲ್ಲ. ಇದನ್ನು ನಾನು ಆಗಲೇ ಕೊಂಚ ಗಮನಿಸಿದ್ದರೆ ಮುಂದೆ ಜಾವಗಲ್ಲಿನಲ್ಲಿ ಆದ ಪಜೀತಿ ತಪ್ಪುತ್ತಿತ್ತು. ಆದರೆ ಕಣ್ಣೆದುರಿನದು ಕಾಣದಿರುವುದು ನಮ್ಮ ವಂಶದ ಗುಣ. ಅಪ್ಪ ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕಿಸುತ್ತಿದ್ದರು.

ಚಿತ್ರದ ಹುಚ್ಚು ನೋಡಿ ಅಪ್ಪ ನನ್ನನ್ನು ಒಂದು ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸಿದರು. ಅದು ಪಾಸಾದದ್ದರಿಂದ ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಟ್ರೇಸರ್ ಎಂದರೆ ಯಾರೆಂದು ಈಗಿನವರಿಗೆ ಹೇಳಬೇಕು. ಬೇರೆಯವರು ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ಪಾರದರ್ಶಕ ಬಟ್ಟೆಯನ್ನು ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಕಪ್ಪು ಶಾಯಿಯಲ್ಲಿ ಗೆರೆ ಎಳೆಯುವವನು. ಕಾಲುವೆ ಅಲ್ಲಿ ಬಗ್ಗಿದರೆ ನಾನೂ ಬಗ್ಗಬೇಕು. "ಕೈ ಇದ್ರೆ ಸಾಕಪ್ಪ, ತಲೆ ಮನೇಲಿ ಬಿಟ್ಟು ಬಾ" ಎಂದು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ನರು ಮೊದಲ ದಿನವೇ ಹೇಳಿದ್ದರು. ಒಳ್ಳೆಯ ಮನುಷ್ಯರು, ಅದನ್ನು ಹಿತವಚನವೆಂದೇ ಹೇಳಿದ್ದು.

ಆ ಟ್ರೇಸಿಂಗ್ ಬಟ್ಟೆಯ ವಿಷಯ ಒಂದಿಷ್ಟು ಹೇಳದಿದ್ದರೆ ತಪ್ಪಾಗುತ್ತದೆ. ಹಾಳಾದ ತುಂಡುಗಳನ್ನು ನಾವು ಮನೆಗೆ ತರುತ್ತಿದ್ದೆವು. ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದರೆ ಗಂಜಿಯೆಲ್ಲ ಬಿಟ್ಟು ಅಷ್ಟು ನಯವಾದ ಬಟ್ಟೆ ಉಳಿಯುತ್ತಿತ್ತು, ಪೇಟೆಯಲ್ಲಿ ಹುಡುಕಿದರೂ ಸಿಗದಂಥದು. ಕಚೇರಿಯ ಅಷ್ಟೂ ಜನರ ಕರವಸ್ತ್ರ ಅದರದೇ. ನಮ್ಮ ಮಗಳು ಹುಟ್ಟಿದಾಗ ಸರೋಜ ಅದರಲ್ಲೇ ನಾಲ್ಕು ಅಂಗಿ ಹೊಲಿದಳು. ಎಷ್ಟು ಒಗೆದರೂ ಒಂದರ ಬೆನ್ನ ಮೇಲೆ ಯಾವುದೋ ಕಾಲುವೆಯ ಗೆರೆ ಉಳಿದೇ ಇತ್ತು. ಮಗುವನ್ನು ಎತ್ತಿಕೊಂಡಾಗಲೆಲ್ಲ ನನ್ನ ಕಣ್ಣು ಆ ಗೆರೆ ನೆಟ್ಟಗಿದೆಯೇ ಎಂದು ನೋಡುತ್ತಿತ್ತು.

ಹೀಗೆ ಹನ್ನೊಂದು ವರ್ಷ ಗೆರೆಯ ಮೇಲೆ ಗೆರೆ ಎಳೆದೆ. ಹನ್ನೊಂದನೆಯ ವರ್ಷ ಒಂದು ಕೆರೆಯ ನಕ್ಷೆ ಮಾಡುತ್ತಿದ್ದಾಗ ಏನಾಯಿತೋ, ಏರಿಯ ಮೂಲೆ ತುಂಬಾ ಬೋಳು ಬೋಳಾಗಿ ಕಂಡಿತು. ಅಲ್ಲೊಂದು ಮರ ಬರೆದೆ. ಸಣ್ಣದು, ಹೆಬ್ಬೆರಳ ಉಗುರಿನಷ್ಟು. ವಾರವಾದ ಮೇಲೆ ಮೆಮೊ ಬಂತು: ಸದರಿ ಮರವು ಯಾವ ಸರ್ವೆ ನಂಬರಿನಲ್ಲಿದೆ, ಯಾರ ಆದೇಶದ ಮೇರೆಗೆ ತೋರಿಸಲಾಗಿದೆ, ಸಮಜಾಯಿಷಿ ನೀಡತಕ್ಕದ್ದು. ನಾನು ತಪ್ಪೊಪ್ಪಿಗೆ ಬರೆದುಕೊಟ್ಟು ಬ್ಲೇಡಿನಿಂದ ಮರವನ್ನು ಕೆರೆದೆ. ಇಡೀ ಕಚೇರಿ ನಕ್ಕಿತು, ನಾನೂ ನಕ್ಕೆ. ಆದರೆ ಮಧ್ಯಾಹ್ನ ಊಟದ ಡಬ್ಬಿ ತೆರೆದವನು ಮತ್ತೆ ಮುಚ್ಚಿ, ಕಚೇರಿಯ ಹಿಂದಕ್ಕೆ ಹೋಗಿ ಕಣ್ಣೊರೆಸಿಕೊಂಡೆ. ಮೂವತ್ತನಾಲ್ಕು ವರ್ಷದ ಗಂಡಸು ಒಂದು ಮರಕ್ಕಾಗಿ ಅಳುವುದೆಂದರೆ ನಾಚಿಕೆಯ ಮಾತು.

ಅಷ್ಟರಲ್ಲಾಗಲೇ ಬಿಡುವಿನಲ್ಲಿ ಒಂದೆರಡು ಲೇಬಲ್ಲು ಬರೆದುಕೊಟ್ಟಿದ್ದೆ. ಕೊಬ್ಬರಿ ಮಂಡಿಯ ಒಬ್ಬರಿಗೆ ಗೋಣಿಚೀಲದ ಮೇಲೆ ಮಸಿ ಬಳಿಯಲು ತಗಡಿನಲ್ಲಿ ಕೊರೆದ ಮಾರ್ಕು, ಒಂದು ಸೋಡಾ ಕಾರ್ಖಾನೆಗೆ ಚಿತ್ರ. ಇದೇ ಕೆಲಸ ಮಾಡಿ ಬದುಕಬಹುದೇ ಎಂಬ ಯೋಚನೆ ತಲೆಗೆ ಹೊಕ್ಕಿತು. ಈಗ ನಮ್ಮ ಬೀದಿಯ ಒಬ್ಬ ಯುವಕ ಅದನ್ನು ಕೇಳಿ "ಅಂದ್ರೆ ನೀವು ಫ್ರೀಲಾನ್ಸ್ ಬ್ರ್ಯಾಂಡ್ ಡಿಸೈನರ್ ಆಗಿದ್ರಿ" ಎಂದ. ಇಷ್ಟು ಉದ್ದದ ಹೆಸರು ಅಂದೇ ಗೊತ್ತಿದ್ದರೆ ಮಾವನವರ ಮುಂದೆ ಹೇಳಿಕೊಳ್ಳಲು ಎಷ್ಟು ಅನುಕೂಲವಾಗುತ್ತಿತ್ತು. ಅವರು ಹುಡುಗನ ಬಣ್ಣ, ಎತ್ತರ ಯಾವುದನ್ನೂ ನೋಡದೆ "ಪರ್ಮನೆಂಟಾ?" ಎಂಬ ಒಂದೇ ಪ್ರಶ್ನೆ ಕೇಳಿ ಮಗಳನ್ನು ಕೊಟ್ಟವರು.

ಸರೋಜಳಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಪ್ಪನಿಗೆ ಏನಂತ ಹೇಳ್ಲಿ?" ಎಂದಳು. ಎರಡು ದಿನ ಬಿಟ್ಟು ತಾನೇ ಒಂದು ದಾರಿ ಹೇಳಿದಳು. ಸಂಬಳವಿಲ್ಲದ ರಜೆ ಆರು ತಿಂಗಳು ಸಿಗುತ್ತದಂತೆ, ಹಾಕಿ ನೋಡಿ. "ಆರು ತಿಂಗಳಲ್ಲಿ ಇದು ನಿಲ್ತದೆ ಅನ್ನಿಸಿದ್ರೆ ಸರಿ. ಇಲ್ಲದಿದ್ರೆ ಬಾಯಿ ಮುಚ್ಕೊಂಡು ಹೋಗಿ ಆ ಮೇಜಿನ ಮುಂದೆ ಕೂತ್ಕೋಬೇಕು. ಆಮೇಲೆ ಈ ಮಾತು ಎತ್ತಬಾರ್ದು." ನಾನು ಒಪ್ಪಿದೆ. ರಜೆ ಮುಗಿದ ಮಾರನೆಯ ದಿನ ಹಾಜರಾಗದಿದ್ದರೆ ಹುದ್ದೆ ಹೋಗುತ್ತದೆಂದು ಮಂಜೂರಾತಿಯ ಕಾಗದದಲ್ಲಿಯೂ ಬರೆದಿತ್ತು.

ಮನೆಯ ಮುಂದೆ ಬೋರ್ಡು ಹಾಕಿದೆ: ಇಲ್ಲಿ ಲೇಬಲ್ ಮತ್ತು ಮಾರ್ಕು ಬರೆದುಕೊಡಲಾಗುವುದು. ಅದು ಎಂಥ ಕಸುಬೆಂದು ಊರಿಗೆ ತಿಳಿಯಲಿಲ್ಲ. ಸ್ಕೂಟರಿನ ನಂಬರು ಬರೆಸಲು ಬಂದರು. ಸ್ಟೀಲು ಪಾತ್ರೆಯ ಮೇಲೆ ಹೆಸರು ಕೊರೆಸಲು ಬಂದರು. ರೈತರೊಬ್ಬರು ಹೋರಿಯನ್ನೇ ಹಿಡಿದುಕೊಂಡು ಬಂದು "ಕೊಂಬಿಗೆ ಬಣ್ಣ ಹಾಕ್ಕೊಡು ಮೇಷ್ಟ್ರೇ, ಜಾತ್ರೇಲಿ ಎದ್ದು ಕಾಣ್ಬೇಕು" ಎಂದರು. ಕುಂಚ ಹಿಡಿದವರೆಲ್ಲ ಊರಿಗೆ ಡ್ರಾಯಿಂಗ್ ಮೇಷ್ಟರೇ. ಬಣ್ಣ ಹಾಕಿಕೊಟ್ಟೆ. ಹೋರಿ ಅಲ್ಲಾಡದೆ ನಿಂತಿತ್ತು. ನನ್ನ ಗಿರಾಕಿಗಳಲ್ಲಿ ತಿದ್ದುಪಡಿ ಹೇಳದೆ ಹೋದದ್ದು ಅದೊಂದೇ.

ನಾಲ್ಕನೆಯ ತಿಂಗಳಲ್ಲಿ ಧರಣೇಂದ್ರಯ್ಯನವರು ಬಂದರು. ಹಳೇಬೀಡಿನ ಜೈನ ವ್ಯಾಪಾರಿಗಳು, ಅರವತ್ತರ ಹತ್ತಿರದವರು. ಸೀಗೆಕಾಯಿಯ ಮೂಟೆ ಬಿಡಿಸಿಕೊಳ್ಳಲು ಅರಸೀಕೆರೆಯ ಗೂಡ್ಸ್ ಷೆಡ್ಡಿಗೆ ಬಂದವರು ನನ್ನ ಬೋರ್ಡು ಓದಿಕೊಂಡು ಒಳಗೆ ಬಂದಿದ್ದರು. ಅವರ ಜಿಂಕೆ ಮಾರ್ಕು ಸೀಗೆಪುಡಿ ಬೇಲೂರಿನಿಂದ ಹಾರನಹಳ್ಳಿಯವರೆಗೆ ಎಲ್ಲ ಸಂತೆಯಲ್ಲೂ ಸಿಗುತ್ತಿತ್ತು. ಹಳದಿ ಕಾಗದ, ಅದರ ಮೇಲೆ ಹಸಿರು ಶಾಯಿಯ ಚಿತ್ರ. ಅಚ್ಚಿನ ಬ್ಲಾಕು ಸವೆದುಹೋಗಿದೆ, ಹೊಸದಾಗಿ ಬರೆಸಬೇಕು ಎಂದರು. ಲೇಬಲ್ಲನ್ನು ನೋಡಿದೆ. ಕೊಂಬು ಎರಡು ಮೊಂಡು ಕಡ್ಡಿ, ಬಾಲ ಮೇಲಕ್ಕೆದ್ದಿದೆ, ಗದ್ದದ ಕೆಳಗೆ ಏನೋ ಮೆತ್ತಿಕೊಂಡಿದೆ. "ಯಾರು ಬರೆದದ್ದು?" ಎಂದು ಕೊಂಚ ನಗುತ್ತಲೇ ಕೇಳಿದೆ. "ನಮ್ಮ ಅಪ್ಪಾಜಿ" ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಅವರು ನನ್ನನ್ನು ಹಳೇಬೀಡಿಗೆ ಕರೆಸಿ ಬಸ್ತಿಹಳ್ಳಿಯ ಬಸದಿಗಳಿಗೆ ಕರೆದುಕೊಂಡು ಹೋದರು. ಪ್ರವಾಸಿಗಳೆಲ್ಲ ದೊಡ್ಡ ಗುಡಿ ನೋಡಿ ಬಸ್ಸು ಹತ್ತಿಬಿಡುತ್ತಾರೆ, ಇಲ್ಲಿ ನಾವಿಬ್ಬರೇ. ಶಾಂತಿನಾಥಸ್ವಾಮಿಯ ಎತ್ತರದ ಮೂರ್ತಿಯ ಮುಂದೆ ಕೈಮುಗಿದು ಹೇಳಿದರು: "ಪಾರ್ಶ್ವನಾಥಸ್ವಾಮಿ ತಲೆ ಮೇಲೆ ಹೆಡೆ ಇರುತ್ತೆ, ಗೊತ್ತಾಗುತ್ತೆ. ಮಿಕ್ಕವರನ್ನ ಹೆಂಗೆ ಗುರುತು ಹಿಡೀತೀರಿ ಮೇಷ್ಟ್ರೇ? ಎಲ್ಲರ ಮುಖಾನೂ ಒಂದೇ, ನಿಲುವೂ ಒಂದೇ. ಪೀಠದ ಮೇಲೆ ಲಾಂಛನ ನೋಡ್ಬೇಕು. ಎತ್ತು ಇದ್ರೆ ಆದಿನಾಥರು, ಜಿಂಕೆ ಇದ್ರೆ ಶಾಂತಿನಾಥರು. ಅಪ್ಪಾಜಿ ಅಂಗಡಿ ಇಟ್ಟಾಗ ಈ ಸ್ವಾಮಿ ಜಿಂಕೇನ ಕೇಳ್ಕೊಂಡು ತಂದ್ರು." ನಾನು ಆಮೇಲೆ ಎಷ್ಟೋ ಪುಸ್ತಕ ತಿರುವಿದ್ದೇನೆ. ಮಾರ್ಕು ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಹೊತ್ತು ಮುಳುಗುವುದರೊಳಗೆ ಅವರ ಮನೆಯಲ್ಲಿ ಊಟ ಹಾಕಿಸಿ ಬಸ್ಸು ಹತ್ತಿಸಿದರು.

ನನಗೆ ತಲೆ ತಿರುಗಿತ್ತು. ಸಿಕ್ಕಿದ ಅವಕಾಶಕ್ಕೆ ತಕ್ಕ ಜಿಂಕೆ ಬರೆಯಬೇಕೆಂದು ಎರಡು ದಿನ ಬೇಲೂರಿನಲ್ಲಿ ಕೂತೆ. ಗುಡಿಯ ಗೋಡೆಯ ಮೇಲೆ ಬೇಟೆಯ ಚಿತ್ರಗಳಲ್ಲಿ ಜಿಂಕೆ ಹುಡುಕಿ ಹುಡುಕಿ ಬರೆದುಕೊಂಡೆ. "ಎಲ್ರೂ ಶಿಲಾಬಾಲಿಕೆ ನೋಡಾಕೆ ಬತ್ತಾರೆ, ನೀವೇನು ಸಾರ್ ಮೊಣಕಾಲ ಮಟ್ಟದಲ್ಲೇ ಸುತ್ತುತಾ ಇದೀರ" ಎಂದು ಅಲ್ಲಿಯ ಗೈಡೊಬ್ಬ ಕೇಳಿದ. ಅಂತೂ ಜಿಂಕೆ ಮೂಡಿತು. ತೆಳ್ಳಗಿನ ಕಾಲು, ಕವಲೊಡೆದ ಕೊಂಬು, ಹಿಂದಕ್ಕೆ ತಿರುಗಿ ನೋಡುವ ಕತ್ತು. ನನ್ನ ಜೀವಮಾನದಲ್ಲಿ ಅಂಥ ಗೆರೆ ಅದಕ್ಕೆ ಮೊದಲು ಎಳೆದಿರಲಿಲ್ಲ. ಧರಣೇಂದ್ರಯ್ಯನವರು ಅದನ್ನು ಕಣ್ಣಿಗೊತ್ತಿಕೊಂಡರು. ಹಾಸನದ ಪ್ರೆಸ್ಸಿನಲ್ಲಿ ಹೊಸ ಬ್ಲಾಕು ಮಾಡಿಸಿದರು. ನಾನು ಕಚೇರಿಯ ಮುಂದೆ ಹಾದುಹೋಗುವಾಗ ಬೇಕೆಂದೇ ನಿಧಾನವಾಗಿ ನಡೆಯತೊಡಗಿದೆ.

ಐದನೆಯ ತಿಂಗಳ ಕೊನೆಗೆ ಹಳೇಬೀಡಿನಿಂದ ಹೇಳಿಕಳಿಸಿದರು. ಜಾವಗಲ್ಲಿನಲ್ಲಿ ಹೊಸ ಪೊಟ್ಟಣ ಹೋಗುತ್ತಿಲ್ಲ, ಅಂಗಡಿಯವರು ವಾಪಸು ಕಳಿಸುತ್ತಿದ್ದಾರೆ, ಸಂತೆಯ ದಿನ ಬನ್ನಿ, ಏನೆಂದು ನೋಡೋಣ. ಜಾವಗಲ್ಲಿನ ಸಂತೆಬೀದಿಯ ಅಂಗಡಿಯೊಂದರ ಜಗಲಿಯ ಮೇಲೆ ನಾವಿಬ್ಬರೂ ಕೂತೆವು. ಸ್ವಲ್ಪ ಹೊತ್ತಿಗೆ ಬುಟ್ಟಿ ಹೊತ್ತ ಒಬ್ಬ ಅಜ್ಜಿ ಬಂದರು.

"ಮೇಕೆ ಪುಡಿ ಒಂದು ಕೊಡಪ್ಪ" ಎಂದರು.

ಅಂಗಡಿಯವನು ನಮ್ಮ ಪೊಟ್ಟಣ ಇಟ್ಟ. ಅಜ್ಜಿ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ತಳ್ಳಿದರು. "ಇದಲ್ಲ ಕಣಪ್ಪ. ಮೇಕೇದು."

"ಅದೇ ಇದು ಕಣಜ್ಜಿ. ಚಿತ್ರ ಬದಲಾಗೈತೆ ಅಷ್ಟೆ."

"ನಂಗೇನು ಕಣ್ಣು ಕಾಣಾಕಿಲ್ವಾ? ಇದು ಜಿಂಕೆ. ಮೇಕೆಗೆ ಗಡ್ಡ ಇರ್ತೈತೆ. ಯಾರದೋ ಪುಡಿ ತಂದಿಟ್ಟು ನಮ್ಮ ಮೇಕೆ ಅಂತೀಯಲ್ಲ. ನಮ್ಮವ್ವನ ಕಾಲದಿಂದ ತಲೆಗೆ ಹಾಕ್ತಾ ಇವ್ನಿ, ನಂಗೊತ್ತಿಲ್ವಾ?"

ಅವರು ಹೊರಟುಹೋದರು. ಧರಣೇಂದ್ರಯ್ಯನವರು ಹಳ್ಳಿಯ ಅಂಗಡಿಯಲ್ಲಿ ಕೂತು ಗಿರಾಕಿಯ ಮಾತು ಕೇಳಿದ್ದು ಅದೇ ಮೊದಲು; ಅವರದು ಹಳೇಬೀಡಿನಿಂದ ಮೂಟೆಗಟ್ಟಲೆ ಕಳಿಸುವ ವ್ಯಾಪಾರ. ಅಂಗಡಿಯವನನ್ನು ಕೇಳಿದರು: "ಎಲ್ಲರೂ ಮೇಕೆ ಅಂತಾರೇನಪ್ಪ?" ಅವನು ನೆಲ ನೋಡುತ್ತ "ಇಲ್ಲೆಲ್ಲ ಹಂಗೇ ಅನ್ನೋದು ಬುದ್ಧಿ. ನಿಮ್ಮ ಮುಂದೆ ಯಾರು ಹೇಳ್ತಾರೆ" ಎಂದ.

ಬಸ್ಸಿಗೆ ಕಾಯುವಾಗ ಅವರು ವಾಪಸು ಬಂದ ಒಂದು ಪೊಟ್ಟಣವನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ಆಮೇಲೆ, "ಸ್ವಾಮಿ ಲಾಂಛನ ಅಂತ ದಿನಾ ಮೊದಲನೇ ಪೊಟ್ಟಣ ಕೈಮುಗಿದು ಅಂಟಿಸ್ತಿದ್ದೆ ಮೇಷ್ಟ್ರೇ. ಜನ ಮೇಕೆ ಅಂತಿದ್ರು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಒಳ್ಳೆಯ ಜಿಂಕೆ ಬರೆದ ತಪ್ಪಿಗೆ ಈ ದೊಡ್ಡವರಿಗೆ ತಂದೆಯ ಜಿಂಕೆಯೂ ಹೋಗಿತ್ತು. ಅವರ ಸಂಕಟದ ನಡುವೆಯೂ ನಾನು ರಜೆಯ ದಿನಗಳನ್ನು ಲೆಕ್ಕ ಹಾಕುತ್ತಿದ್ದೆ ಎನ್ನುವುದನ್ನೂ ಮುಚ್ಚಿಡದೆ ಹೇಳಬೇಕು. ಇಪ್ಪತ್ತೆಂಟು ದಿನ ಉಳಿದಿತ್ತು. ಸೀಗೆಪುಡಿಯ ಮಾರಾಟ ಕೆಡಿಸಿದವನು ಎಂಬ ಮಾತು ಅರಸೀಕೆರೆಯ ಅಂಗಡಿಬೀದಿಗೆ ತಲುಪಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಿತ್ತು. ಮತ್ತೆ ಆ ಮೇಜು, ಆ ಬಟ್ಟೆ, ಯಾರದೋ ಕಾಲುವೆ.

ಹಳೆಯದನ್ನೇ ಹಾಗೆಯೇ ಎತ್ತಿ ಬರೆದುಕೊಡುತ್ತೇನೆ ಎಂದೆ. ಅದರಲ್ಲಾದರೂ ನನ್ನ ಕೈ ಪಳಗಿತ್ತಲ್ಲ. ಅವರು ತಲೆಯಾಡಿಸಿದರು. "ಗೊತ್ತಿಲ್ಲದಾಗ ಬೇರೆ. ಗೊತ್ತಾದ ಮೇಲೆ ಮೇಕೇನ ಹೆಂಗೆ ಕೈಮುಗೀಲಿ?" ಎಂದರು. ಜಿಂಕೆ ಬರೆದರೆ ಊರು ಕೊಳ್ಳುವುದಿಲ್ಲ, ಮೇಕೆ ಬರೆದರೆ ಇವರು ಒಪ್ಪುವುದಿಲ್ಲ.

ನಿಮ್ಮ ಅಪ್ಪಾಜಿಯ ಕಾಲದ ಮೊದಲ ಲೇಬಲ್ಲು ಏನಾದರೂ ಉಳಿದಿದೆಯೇ ಎಂದು ಕೇಳಿದೆ. ಹಳೇಬೀಡಿಗೆ ಹೋಗಿ ಅವರ ಮನೆಯಲ್ಲಿ ಹುಡುಕಿದಾಗ ಒಂದು ಹಳೆಯ ಪೂಜಾ ಪುಸ್ತಕದ ರಟ್ಟಿಗೆ ಒಳಗಡೆ ಅಂಟಿಸಿದ್ದು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲಿ ಗಡ್ಡವೇ ಇರಲಿಲ್ಲ. ವರ್ಷಗಟ್ಟಲೆ ಅಚ್ಚು ಹಾಕಿ ಹಾಕಿ ಬ್ಲಾಕಿನ ಗದ್ದಕ್ಕೂ ಕತ್ತಿಗೂ ನಡುವಿನ ಸಂದಿಯಲ್ಲಿ ಶಾಯಿ ಗಟ್ಟಿಯಾಗಿ ಕೂತು ಗಡ್ಡ ಬೆಳೆದಿತ್ತು. ಅದನ್ನು ತೋರಿಸಿದಾಗ ಧರಣೇಂದ್ರಯ್ಯನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು, "ಹಂಗಾದ್ರೆ ಅಪ್ಪಾಜಿ ಬರೆದದ್ದು ಜಿಂಕೇನೇ" ಎಂದರು. "ಜಿಂಕೆಯೇ, ಅನುಮಾನವೇ ಇಲ್ಲ" ಎಂದೆ. ನಿಜ ಹೇಳಬೇಕೆಂದರೆ ಅದು ಕರುವಿನ ಹಾಗಿತ್ತು. ಆದರೆ ಎಲ್ಲ ನಿಜವನ್ನೂ ಹೇಳಲು ನಾನೇನು ನಕ್ಷೆ ಮಾಡುತ್ತಿರಲಿಲ್ಲ.

ಆಮೇಲಿನ ಹದಿನೈದು ದಿನ ನಾನು ಆ ಹಳೆಯ ಪ್ರಾಣಿಯನ್ನು ನೋಡುತ್ತ ಕೂತೆ. ಮೊದಲ ಸಲ ಅದನ್ನು ನಗುತ್ತ ನೋಡಿದ್ದೆ. ಈಗ ಜಾವಗಲ್ಲಿನ ಅಜ್ಜಿಯ ಕಣ್ಣಿನಿಂದ ನೋಡಲು ಹೊರಟೆ. ಅವರು ಅಕ್ಷರ ನೋಡುವುದಿಲ್ಲ, ಗೆರೆಯ ಸೊಗಸನ್ನೂ ನೋಡುವುದಿಲ್ಲ. ಹಳದಿ ಕಾಗದ, ಎದ್ದ ಬಾಲ, ಮೊಂಡು ಕೊಂಬು, ಗದ್ದದ ಕೆಳಗೆ ಜೋತಾಡುವ ಏನೋ ಒಂದು. ಅವರ ಗುರುತು ಅಷ್ಟೇ. ಬೇಲೂರಿನಿಂದ ತಂದ ಕೊಂಬನ್ನು ಕತ್ತರಿಸಿದೆ. ಮರಿಜಿಂಕೆಗೆ ಕವಲು ಎಲ್ಲಿರುತ್ತದೆ? ಬಾಲವನ್ನು ಎತ್ತಿದೆ, ಬೆದರಿದ ಜಿಂಕೆ ಬಾಲ ಎತ್ತುತ್ತದೆ. ಗಡ್ಡದ ವಿಷಯಕ್ಕೆ ಮಾತ್ರ ದಾರಿ ಕಾಣಲಿಲ್ಲ. ಎಷ್ಟು ಹಾಳೆ ಹರಿದೆನೋ. ಒಂದು ಬೆಳಗ್ಗೆ ಎದುರುಮನೆಯ ಹಸು ಮೇವು ತಿನ್ನುತ್ತ ನಿಂತಿತ್ತು, ಬಾಯಿಂದ ಒಂದು ಹಿಡಿ ಹುಲ್ಲು ಜೋತುಬಿದ್ದಿತ್ತು. ನಾನು ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಓಡಿದೆ.

ಹುಲ್ಲು ಕಚ್ಚಿದ ಜಿಂಕೆಯನ್ನು ಧರಣೇಂದ್ರಯ್ಯನವರ ಮುಂದೆ ಇಟ್ಟಾಗ ಅವರ ಕೈ ತಾನಾಗಿಯೇ ಮುಗಿಯಿತು. ನನಗೆ ಅರ್ಧ ಜೀವ ಬಂತು. ಉಳಿದರ್ಧ ಜಾವಗಲ್ಲಿನಲ್ಲಿತ್ತು.

ಪ್ರೆಸ್ಸಿನವರು ಅಚ್ಚು ಮಾಡಿ ಕೊಡುವಷ್ಟರಲ್ಲಿ ರಜೆಯ ಕೊನೆಯ ದಿನವೇ ಬಂದುಬಿಟ್ಟಿತು. ಪುಣ್ಯಕ್ಕೆ ಅದು ಸಂತೆಯ ದಿನ. ಅದೇ ಜಗಲಿಯ ಮೇಲೆ ನಾವಿಬ್ಬರೂ ಮತ್ತೆ ಕೂತೆವು. ಬೆಳಗಿನಿಂದ ಮೂರ್ನಾಲ್ಕು ಪೊಟ್ಟಣ ಹೋಗಿತ್ತು, ಆದರೆ ಕೊಂಡವರು ಚಿತ್ರ ನೋಡಿಯೇ ಇರಲಿಲ್ಲ. ಹನ್ನೆರಡರ ಹೊತ್ತಿಗೆ ಅಜ್ಜಿ ಬಂದರು. ಅಂಗಡಿಯವನು ಬಾಯಿ ಬಿಡದೆ ಪೊಟ್ಟಣವನ್ನು ಮುಂದಿಟ್ಟ. ಅವರು ಅದನ್ನು ಎತ್ತಿ ದೂರ ಹಿಡಿದರು, ಹತ್ತಿರ ಹಿಡಿದರು. ನಾನು ಹೈಸ್ಕೂಲಿನ ಫಲಿತಾಂಶದ ಪಟ್ಟಿಯನ್ನೂ ಅಷ್ಟು ಕತ್ತು ಚಾಚಿ ನೋಡಿರಲಿಲ್ಲ.

"ಪಾಪ, ಇಷ್ಟು ದಿನ ಬರೀ ಬಾಯಲ್ಲಿ ನಿಂತಿತ್ತು" ಎಂದರು ಅಜ್ಜಿ. "ಈಗ ಯಾರೋ ಮೇವು ಹಾಕವ್ರೆ."

ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಂಡು, ಇನ್ನೊಂದನ್ನೂ ಕೇಳಿ ತೆಗೆದುಕೊಂಡು ಹೋದರು. ಧರಣೇಂದ್ರಯ್ಯನವರು ಬೀದಿಯ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸುತ್ತ ಕೂತರು. ನಾನೂ ಅವರ ಕಡೆ ನೋಡಲಿಲ್ಲ.

ನಾನು ಅರಸೀಕೆರೆಗೆ ಬಂದಾಗ ಇನ್ನೂ ಬಿಸಿಲಿತ್ತು. ಸರೋಜ ಚಾಪೆಯ ಮೇಲೆ ಕೂತು ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ನನ್ನ ಬಿಳಿ ಷರಟು ಇಸ್ತ್ರಿ ಮಾಡುತ್ತಿದ್ದಳು. ನಾಳೆ ಕಚೇರಿಗೆ ಹಾಜರಾಗುವ ದಿನವೆಂದು ಅವಳು ಮರೆತಿರಲಿಲ್ಲ. ಆ ಒಂದು ತಿಂಗಳಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎದುರಿಗೆ ಕೂತು ಜಾವಗಲ್ಲಿನ ಕಥೆಯನ್ನು ಮೊದಲಿನಿಂದ ಹೇಳಿ, ಅಜ್ಜಿ ಆಡಿದ ಮಾತನ್ನೂ ಎರಡು ಪೊಟ್ಟಣ ಒಯ್ದದ್ದನ್ನೂ ಹೇಳಿದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಎರಡು ತಗೊಂಡ್ರಾ?" ಎಂದಳು.

"ಎರಡು."

ಷರಟಿನ ತೋಳನ್ನು ಕೈಯಿಂದ ಸವರಿ, "ಅಪ್ಪನಿಗೆ ನಾನೇ ಕಾಗದ ಬರೀತೀನಿ" ಎಂದಳು. ಅವಳಿಗೆ ಅದೆಷ್ಟು ಕಷ್ಟದ ಕಾಗದವೆಂದು ನನಗೆ ಗೊತ್ತಿತ್ತು. ಪಾಪ, ಷರಟು ಇಸ್ತ್ರಿ ಮಾಡಿದ್ದು ದಂಡವಾಯಿತಲ್ಲ ಎಂದೆ.

"ಯಾಕೆ ದಂಡ? ಇದನ್ನೇ ಹಾಕ್ಕೊಂಡು ಹೋಗಿ ರಾಜೀನಾಮೆ ಕೊಟ್ಟು ಬನ್ನಿ" ಎಂದಳು. "ಕೆಲಸ ಬಿಟ್ಟು ಬರೋರು ಓಡಿಬಂದೋರ ಥರ ಕಾಣಬಾರ್ದು."

ಹೇಳಿ, ಕಾಲರಿನ ಮೇಲೆ ಇನ್ನೊಂದು ಸಲ ಇಸ್ತ್ರಿ ಎಳೆದಳು.